ಒಂದು ಗಂಟೆಯ ಕೀಲಿ

ಕ್ಲಾಕ್ಸ್‌ವೀಕಿನ ಗ್ರಂಥಾಲಯದ ಮಹಡಿಯಲ್ಲಿ
ಮೀನಿನ ವಾಸನೆಗೆ ಕಿಟಕಿ ಮುಚ್ಚಿಕೊಂಡು
ನಾನು ಕೀಲಿ ಮಾಡುತ್ತೇನೆ.
ಕಬ್ಬಿಣವಿಲ್ಲ, ಕುಲುಮೆಯಿಲ್ಲ,
ಮೂವತ್ತೆರಡು ಬೈಟು ಶುದ್ಧ ಅಡ್ಡಾದಿಡ್ಡಿ.
ಪಾಸ್‌ವರ್ಡ್ ಮರೆತವರಿಗೆ ಕಳಿಸುವುದು ಇದನ್ನೇ:
ಬಾಯಲ್ಲಿ ಹೇಳಲಾಗದ ಉದ್ದ ಬಾಲದ ಕೊಂಡಿ.
ಟೋಕನ್ ಎನ್ನುತ್ತೇವೆ,
ಕೋಟು ಬಿಚ್ಚಿ ಕೊಟ್ಟು ಬಿಲ್ಲೆ ಪಡೆದ ಹಾಗೆ.

ಅದನ್ನು ನಾನು ಇಟ್ಟುಕೊಳ್ಳುವುದಿಲ್ಲ.
ಅರೆದು, ಹಿಂಡಿ,
ಉಳಿದ ಗಸಿಯನ್ನಷ್ಟೇ ಡೇಟಾಬೇಸಿಗೆ ಹಾಕುತ್ತೇನೆ.
ನೀವು ತಂದದ್ದನ್ನೂ ಹಾಗೇ ಅರೆಯುತ್ತೇನೆ,
ಗಸಿಗೆ ಗಸಿ ತಾಳೆಯಾದರೆ ಬಾಗಿಲು.
ಕಳ್ಳ ಕಪಾಟು ಒಡೆದರೂ
ಎಣ್ಣೆ ಸಿಗುವುದಿಲ್ಲ. ನನಗೂ ಸಿಗುವುದಿಲ್ಲ.

ಯಾರು ಕೇಳಿದರೂ ಪರದೆಯ ಮೇಲೆ ಒಂದೇ ಮಾತು:
"ಈ ವಿಳಾಸ ನಮ್ಮಲ್ಲಿದ್ದರೆ, ಪತ್ರ ಹೋಗಿರುತ್ತದೆ."
ಆ "ಇದ್ದರೆ"ಗೆ ನನ್ನ ಒಂದು ಮಧ್ಯಾಹ್ನ ಹೋಯಿತು.
ಹೌದು ಅನ್ನುವಂತಿಲ್ಲ, ಇಲ್ಲ ಅನ್ನುವಂತಿಲ್ಲ;
ಸಾಲ ಕೊಟ್ಟವನು ಬಾಗಿಲು ಬಡಿದರೆ
"ಅಪ್ಪ ಒಳಗಿದ್ರೆ ಬರ್ತಾರೆ" ಎನ್ನುವ ಮಗುವಿನ ಹಾಗೆ.

ಆಯುಸ್ಸು ಒಂದು ಗಂಟೆ.
ಯಾಕೆ ಅಷ್ಟೇ ಎಂದು ಯಾರೂ ಕೇಳಲಿಲ್ಲ.
3600 ಎಂದು ಬರೆದೆ. ದುಂಡಗಿತ್ತು.

ಫೆಬ್ರವರಿಯಲ್ಲಿ ಒಂದು ದಿನ ಲಾಗು ನೋಡುತ್ತಿದ್ದೆ.
ಒಂದೇ ಖಾತೆ. ಬೆಳಗಿನ ಜಾವ ಐದು ಹತ್ತು,
ಮರುದಿನ ಐದು ಹನ್ನೆರಡು, ಅದರ ಮರುದಿನ ಐದು ಎಂಟು.
ಹತ್ತೊಂಬತ್ತು ದಿನ, ಹತ್ತೊಂಬತ್ತು ಕೋರಿಕೆ,
ಮತ್ತೆ ನಡುಮಧ್ಯಾಹ್ನ
ಸತ್ತ ಕೊಂಡಿಯ ಮೇಲೆ ಒಂದು ಬೆರಳು.
ಐಪಿ ಯಾವುದೋ ಉಪಗ್ರಹದ್ದು, ಯಾವ ಊರಿನದೂ ಅಲ್ಲ.

ಮಾರ್ಯುನ್ ಹೆಗಲ ಮೇಲಿಂದ ಬಗ್ಗಿ ನೋಡಿದಳು.
"ಯಾರೋ ಗೋಡೆ ತಟ್ಟಿ ನೋಡ್ತಿದ್ದಾರೆ. ಮುಚ್ಚು.
ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕ್ತೀಯಾ?"
ನಿಷೇಧದ ಪಟ್ಟಿಗೆ ವಿಳಾಸ ಬರೆದೂ ಆಗಿತ್ತು,
ಎಂಟರ್ ಒತ್ತುವುದೊಂದೇ ಬಾಕಿ.
ಆದರೆ ಕಳ್ಳನಿಗೆ ಇಷ್ಟು ಶಿಸ್ತು ಎಲ್ಲಿಯದು?
ಭಾನುವಾರ ಮಾತ್ರ ಆರೂವರೆಗೆ ಏಳುವ ಕಳ್ಳ?

ಖಾತೆ ತೆರೆದೆ. ಹೆಸರು ಹಾನುಸ್.
ಒಯ್ದದ್ದು ಒಂದೇ ಪುಸ್ತಕ, ಹುಳಿಹಿಟ್ಟಿನ ರೊಟ್ಟಿಯ ಬಗ್ಗೆ,
ಅವಧಿ ಜನವರಿಗೇ ಮುಗಿದಿತ್ತು.

ಕೆಳಗಿಳಿದು ಎಲ್ಸ್‌ಪಾಳನ್ನು ಕೇಳಿದೆ.
ನಲವತ್ತು ವರ್ಷದಿಂದ ಅದೇ ಮೇಜು, ಅದೇ ಉಣ್ಣೆಯ ಶಾಲು.
"ಹಾನುಸನಾ? ಸೂಲಾ ಹಡಗಿನ ಅಡುಗೆಯವ.
ಬಾರೆಂಟ್ಸ್ ಸಮುದ್ರದಲ್ಲಿದ್ದಾನೆ.
ಅಲ್ಲಿ ಕ್ಯಾಪ್ಟನ್ ಬೆಳಿಗ್ಗೆ ಹವೆ ಕೇಳಲು ಐದು ನಿಮಿಷ ಇಂಟರ್ನೆಟ್ ಬಿಡ್ತಾನೆ,
ಮಧ್ಯಾಹ್ನ ಮೀನಿನ ದರ ಕೇಳಲು ಇನ್ನೈದು."

ಅಂದರೆ ಅವನು ಐದಕ್ಕೆ ಕೇಳಿದ, ನಾನು ಐದಕ್ಕೇ ಕೊಟ್ಟೆ.
ಕೈಗೆ ತಲುಪುವಾಗ ಕೀಲಿ ಸತ್ತು ಆರು ಗಂಟೆ.
ಹತ್ತೊಂಬತ್ತು ಕೀಲಿ ಮಾಡಿ
ಹತ್ತೊಂಬತ್ತನ್ನೂ ನಾನೇ ಮುರಿದಿದ್ದೆ.

"ಪುಸ್ತಕದ ದಂಡ?" ಎಂದೆ.
ಎಲ್ಸ್‌ಪಾ ಕನ್ನಡಕದ ಮೇಲಿಂದ ನೋಡಿದಳು.
"ದೋಣಿ ಹೊರಗಿರುವಾಗ ದಂಡ ಹಾಕೋರು ಯಾರು?
ಅದನ್ನ ಆಗಲೇ ಏಪ್ರಿಲ್‌ವರೆಗೆ ಮುಂದೂಡಿದ್ದೀನಿ."
ಅವನಿಗೆ ಹೇಳಿದ್ದೀಯಾ?
"ಹೇಳೋದೇನು, ಎಲ್ಲರಿಗೂ ಗೊತ್ತು."

ಮೇಲೆ ಬಂದು 3600 ಅಳಿಸಿದೆ.
43200 ಎಂದು ಬರೆದೆ, ಅರ್ಧ ದಿನ.
ಆಗ ನಾವಿಕರ ವಸತಿಗೃಹದ ಆ ಸಾರ್ವಜನಿಕ ಕಂಪ್ಯೂಟರ್ ನೆನಪಾಯಿತು.
ತೆರೆದಿಟ್ಟ ಪತ್ರಪೆಟ್ಟಿಗೆ, ಮುಂದಿನ ಸರದಿಯ ಕೈ.
ಮತ್ತೆ 3600.
ಪಕ್ಕದಲ್ಲಿ ಒಂದು ಟಿಪ್ಪಣಿ, ಯಂತ್ರ ಓದದ ಸಾಲು:
ಇದು ದಡದ ಮೇಲಿನ ಗಂಟೆ.

ಆಮೇಲೆ ಕೊಂಡಿಯಿಲ್ಲದ, ಟೋಕನ್ ಇಲ್ಲದ ಪತ್ರ ಬರೆದೆ:
ಹಾನುಸ್, ಪುಸ್ತಕ ನಿನ್ನ ಹತ್ತಿರವೇ ಇರಲಿ.
ಬಾಗಿಲು ತೆರೆಯುವ ಅಗತ್ಯವಿಲ್ಲ. ರೊಟ್ಟಿ ಹೇಗಾಯಿತು?

ಮರುದಿನ ಐದು ಹನ್ನೊಂದಕ್ಕೆ ಇಪ್ಪತ್ತನೆಯ ಕೋರಿಕೆ.
ನನ್ನ ಪತ್ರ ಇನ್ನೂ ಮಧ್ಯಾಹ್ನಕ್ಕೆ ಕಾಯುತ್ತಿತ್ತು.
ಅದಕ್ಕೂ ಕೀಲಿ ಮಾಡಿ ಕಳಿಸಿತು ಯಂತ್ರ.

ಅದರ ಮರುದಿನ ನಾನೇ ಎದ್ದು ಕೂತೆ.
ಹೊರಗೆ ಕತ್ತಲು, ಬಂದರಿನಲ್ಲಿ ಒಂದೇ ದೀಪ.
ಐದು ಹತ್ತು. ಐದು ಹದಿನೈದು. ಐದೂವರೆ.
ಲಾಗಿನಲ್ಲಿ ಯಾರೂ ಇರಲಿಲ್ಲ.
ಎಲ್ಲೋ ಉತ್ತರದಲ್ಲಿ, ಎಂಜಿನಿನ ಬಿಸಿಗೆ ಹತ್ತಿರ,
ಬಟ್ಟೆ ಮುಚ್ಚಿದ ಬೋಗುಣಿಯಲ್ಲಿ
ಹಿಟ್ಟು ಉಬ್ಬುತ್ತಿರಬೇಕು,
ಅದರದೇ ಹೊತ್ತಿಗೆ.